ಮದೀನಾದವರು ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೇ?

ಇಸ್ಲಾಂ ಹುಟ್ಟಿದ ನೆಲದ ಪಕ್ಕದಲ್ಲೇ ಕೂತು, ಇಸ್ಲಾಂ ಹುಟ್ಟಿದ ಕತೆಯೊಂದನ್ನು ಬಿಟ್ಟು ಜಗತ್ತಿನ ಉಳಿದೆಲ್ಲ ಇತಿಹಾಸವನ್ನೂ ಕಲಿಸುತ್ತಿದ್ದ ಶಾಲೆಯೊಂದರಲ್ಲಿ ನಾನು ತೊಂಬತ್ತರ ದಶಕದ ಕೆಲವು ವರ್ಷ ಪಾಠ ಮಾಡಿಕೊಂಡಿದ್ದೆ. ಶಾಲೆ ಕತಾರಿನ ದೋಹಾದಲ್ಲಿತ್ತು. ಭಾರತೀಯರದು. ಗ್ರೀಸ್, ರೋಮ್, ಫ್ರಾನ್ಸಿನ ಕ್ರಾಂತಿ ಎಲ್ಲವನ್ನೂ ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಿದ್ದರು. ಮೆಕ್ಕಾ ಎಲ್ಲಿದೆ ಎಂದರೆ ಕೈ ಎತ್ತಿ ದಿಕ್ಕು ತೋರಿಸುತ್ತಿದ್ದರು. ಅಲ್ಲಿ ಏನಾಯಿತು ಎಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ನಾನು ಧಾರವಾಡದವಳು. ಎಂ.ಎ. ಮಾಡಿದ್ದು ಇತಿಹಾಸದಲ್ಲಿ, ಅದರಲ್ಲೂ ಚಾಲುಕ್ಯರ ಶಾಸನಗಳಲ್ಲಿ. ಯಾವ ಅರಸ ಯಾವ ಬ್ರಾಹ್ಮಣನಿಗೆ ಎಷ್ಟು ಮತ್ತರು ಗದ್ದೆ ಕೊಟ್ಟ ಎಂಬ ವಿಷಯದಲ್ಲಿ ನನ್ನನ್ನು ಯಾರೂ ಸೋಲಿಸುವಂತಿರಲಿಲ್ಲ. ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ ಎಂಬುದು ಬೇರೆ ಮಾತು. ಗಂಡ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಎಂಜಿನಿಯರ್. ಮದುವೆಯಾಗಿ ಬಂದವಳು ನಜ್ಮಾ ಎಂಬ ಬಡಾವಣೆಯ ಒಂದು ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಕೂತು ಕೆಳಗಿನ ಹೊಲಿಗೆ ಯಂತ್ರಗಳ ಸದ್ದು ಕೇಳುತ್ತ ಒಂದು ವರ್ಷ ಕಳೆದೆ. ಆಮೇಲೆ, ತಲೆ ಕೆಡುವುದಕ್ಕಿಂತ ಮೊದಲು ಕೆಲಸಕ್ಕೆ ಸೇರಿಕೊಂಡೆ.

ಶಾಲೆ ಎಂದರೆ ಬಾಡಿಗೆಗೆ ಹಿಡಿದ ನಾಲ್ಕಾರು ವಿಲ್ಲಾಗಳು. ನನ್ನ ಒಂಬತ್ತನೇ ತರಗತಿ ನಡೆಯುತ್ತಿದ್ದದ್ದು ಒಂದು ಕಾಲದಲ್ಲಿ ಯಾರದೋ ಅಡುಗೆಮನೆಯಾಗಿದ್ದ ಕೋಣೆಯಲ್ಲಿ. ಪಾತ್ರೆ ತೊಳೆಯುವ ಸಿಂಕಿನ ಮೇಲೆ ಪ್ಲೈವುಡ್ ಹಾಸಿದ್ದರು, ಅದೇ ನನ್ನ ಮೇಜು. ಕಿಟಕಿಯ ಎ.ಸಿ. ಹಾಕಿದರೆ ನನ್ನ ದನಿ ಕೇಳುತ್ತಿರಲಿಲ್ಲ, ಆರಿಸಿದರೆ ಮಕ್ಕಳು ಬೇಯುತ್ತಿದ್ದರು. ಹಾಗಾಗಿ ನಾನು ಇತಿಹಾಸವನ್ನು ಕಂತು ಕಂತಾಗಿ, ಎ.ಸಿ. ಆರಿಸಿ ಒಂದು ಸಾಮ್ರಾಜ್ಯ, ಹಾಕಿ ವಿಶ್ರಾಂತಿ ಎಂಬಂತೆ ಕಲಿಸುತ್ತಿದ್ದೆ.

ಪ್ರಿನ್ಸಿಪಾಲರು ಕೇರಳದವರು, ಕ್ರೈಸ್ತರು, ಬಹಳ ವರ್ಷಗಳಿಂದ ಅಲ್ಲೇ ಇದ್ದವರು. ಏನೂ ಆಗಬಾರದು ಎಂಬುದೇ ಅವರ ಶಿಕ್ಷಣತತ್ವ. ಪ್ರತಿ ವರ್ಷ ದೆಹಲಿಯಿಂದ ಪುಸ್ತಕಗಳು ಬಂದಾಗ ನಾವೆಲ್ಲ ಶಿಕ್ಷಕಿಯರು ಸ್ಟಾಫ್ ರೂಮಿನಲ್ಲಿ ಕೂತು ಕರಿ ಮಾರ್ಕರಿನಿಂದ ನಕ್ಷೆಗಳಲ್ಲಿ 'ಪರ್ಷಿಯನ್ ಗಲ್ಫ್' ಎಂಬುದರಲ್ಲಿನ ಪರ್ಷಿಯಾವನ್ನು ಬಳಿಯಬೇಕಿತ್ತು, ಅಲ್ಲಿ ಅದು ಅರಬ್ಬರ ಕೊಲ್ಲಿ. ಯಾರೂ ಹಾಗೆ ಮಾಡಿ ಎಂದು ಬರೆದು ಕಳಿಸಿರಲಿಲ್ಲವಂತೆ. ಹೇಳುವ ಮೊದಲೇ ಹೆದರುವುದು ಪ್ರಿನ್ಸಿಪಾಲರ ಪದ್ಧತಿ. ಮಾರ್ಕರಿನ ಮಸಿ ಹಾಳೆಯ ಹಿಂದಕ್ಕೂ ಇಳಿದು ಅಲ್ಲಿದ್ದ ರೋಮ್ ಪತನದ ಕಾರಣಗಳಲ್ಲಿ ಒಂದನ್ನು ನುಂಗುತ್ತಿತ್ತು. ನಮ್ಮ ಶಾಲೆಯ ಮಕ್ಕಳ ಮಟ್ಟಿಗೆ ರೋಮ್ ಸಾಮ್ರಾಜ್ಯ ಒಂದು ಕಾರಣ ಕಡಿಮೆಯಾಗಿಯೇ ಬಿತ್ತು.

ಒಂಬತ್ತನೇ ತರಗತಿಯ ಪುಸ್ತಕದಲ್ಲಿ ರೋಮ್ ಬಿದ್ದ ಮೇಲೆ ಅರಬ್ಬರ ಅಧ್ಯಾಯ ಬರುತ್ತಿತ್ತು. ಇಸ್ಲಾಂ ಹೇಗೆ ಹುಟ್ಟಿತು, ಒಂದು ನೂರು ವರ್ಷದಲ್ಲಿ ಸ್ಪೇನಿನಿಂದ ಸಿಂಧಿನವರೆಗೆ ಹೇಗೆ ಹಬ್ಬಿತು ಎಂಬುದು ಅದರ ವಿಷಯ. ನನಗಿಂತ ಮೊದಲಿದ್ದವರೆಲ್ಲ ಅದಕ್ಕೆ 'ಸ್ವಯಂ ಅಧ್ಯಯನ' ಎಂದು ಹೇಳಿ ದಾಟಿಹೋಗಿದ್ದರು. ನಾನೂ ಮೊದಲ ವರ್ಷ ಅದೇ ಹಾದಿ ಹಿಡಿದೆ. ಎರಡನೇ ವರ್ಷ ಒಬ್ಬ ಹುಡುಗಿ ಎದ್ದು ನಿಂತಳು.

ಅವಳು ಮಂಗಳೂರು ಕಡೆಯ ಬ್ಯಾರಿ ಕುಟುಂಬದವಳು. ನಮ್ಮ ನಜ್ಮಾದಲ್ಲೇ ಎರಡು ಗಲ್ಲಿ ಆಚೆ ಅವರ ಮನೆ. ಅಪ್ಪ ಒಂದು ಸೂಪರ್‌ಮಾರ್ಕೆಟಿನ ಮ್ಯಾನೇಜರ್. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಇಂಗ್ಲಿಷ್, ನನ್ನ ಹತ್ತಿರ ಮಾತ್ರ ಅಲ್ಪಸ್ವಲ್ಪ ಕನ್ನಡ ಆಡುತ್ತಿದ್ದಳು. ನಡುವಿನ ಅಧ್ಯಾಯ ಯಾಕೆ ಬಿಟ್ಟಿರಿ ಎಂದು ಕೇಳಿದಳು. ಸ್ವಯಂ ಅಧ್ಯಯನ ಎಂದೆ.

"ಮನೇಲಿ ಕೇಳಿದ್ರೆ ಸ್ಕೂಲಲ್ಲಿ ಕೇಳು ಅಂತಾರೆ ಮಿಸ್. ಇಸ್ಲಾಮಿಕ್ ಸ್ಟಡೀಸ್ ಸರ್ ಹತ್ರ ಕೇಳಿದ್ರೆ ಇದು ಹಿಸ್ಟರಿ, ಮಿಸ್ ಹತ್ರ ಕೇಳು ಅಂತಾರೆ. ನೀವು ನನ್ ಹತ್ರಾನೇ ಕೇಳ್ಕೋ ಅಂತೀರಿ."

ಮುಂದಿನ ವಾರ ಪಾಠ ಮಾಡುತ್ತೇನೆ ಎಂದುಬಿಟ್ಟೆ. ಆ ಸುದ್ದಿ ಗಂಟೆ ಬಾರಿಸುವುದರೊಳಗೆ ಪ್ರಿನ್ಸಿಪಾಲರ ಕೋಣೆ ಸೇರಿತ್ತು.

ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, ಯಾರಿಗೋ ಕಾಯಿಲೆಯ ಸುದ್ದಿ ತಿಳಿಸುವವರಂತೆ ದನಿ ತಗ್ಗಿಸಿ, ನೀವು ಹಿಂದೂ ಅಲ್ಲವೇ ಟೀಚರ್ ಎಂದರು. ಹೌದು ಎಂದೆ. ಹಾಗಿದ್ದರೆ ಆ ಪಾಠ ಒಬ್ಬ ಮುಸ್ಲಿಂ ಶಿಕ್ಷಕರು ಮಾಡುವುದು ಸುರಕ್ಷಿತ ಎಂದರು. ನೀವು ಕ್ರೈಸ್ತರಾಗಿ ಅಶೋಕನ ಪಾಠ ಮಾಡುತ್ತಿದ್ದಿರಲ್ಲ ಎಂದು ಕೇಳಿದೆ, ಅವರು ಮೊದಲು ಇತಿಹಾಸದ ಮೇಷ್ಟರೇ ಆಗಿದ್ದವರು. ಅಶೋಕನ ಕಡೆಯವರು ಯಾರೂ ಇಲ್ಲಿಲ್ಲ ಎಂದರು.

ಮುಸ್ಲಿಂ ಶಿಕ್ಷಕರ ಹುಡುಕಾಟ ನಡೆಯಿತು. ಇಸ್ಲಾಮಿಕ್ ಸ್ಟಡೀಸ್ ಕಲಿಸುತ್ತಿದ್ದ ಹೈದರಾಬಾದಿನ ಮೌಲವಿಗಳು, ನಾನು ನಮಾಜು ಕಲಿಸುವವನು, ಇಸವಿ ಕಲಿಸುವವನಲ್ಲ ಎಂದು ಕೈ ತೊಳೆದುಕೊಂಡರು. ಭಟ್ಕಳದ ಗಣಿತದ ಟೀಚರನ್ನು ಕೇಳಿದರು. ಆಕೆ ತನಗೆ ಬರುವುದು ಆಲ್ಜೀಬ್ರಾ ಮಾತ್ರ ಎಂದಳು. ಆಲ್ಜೀಬ್ರಾ ಕೂಡ ಅರಬ್ಬರದ್ದೇ ಅಲ್ಲವೇ, ಹತ್ತಿರದ್ದೇ ಆಯಿತಲ್ಲ ಎಂದು ಪ್ರಿನ್ಸಿಪಾಲರು ಅಂದದ್ದನ್ನು ಆಕೆ ನಮಗೆಲ್ಲ ಸ್ಟಾಫ್ ರೂಮಿನಲ್ಲಿ ಅಭಿನಯಿಸಿ ತೋರಿಸಿದಳು. ಕೊನೆಗೆ ವಿಷಯ ಶಾಲೆಯ ಕಮಿಟಿಗೆ ಹೋಯಿತು.

ಕಮಿಟಿಯಲ್ಲಿ ಇದ್ದವರೆಲ್ಲ ದೊಡ್ಡವರು. ಅವರಲ್ಲಿ ಹೆಚ್ಚು ಮಾತಾಡುತ್ತಿದ್ದವರು ಕರಾವಳಿಯ ಒಬ್ಬ ಸಾಹುಕಾರರು. ಸೂಪರ್‌ಮಾರ್ಕೆಟುಗಳಿದ್ದವು, ಕಂಪನಿಗಳಿಗೆ ಕೂಲಿಯಾಳುಗಳನ್ನು ಒದಗಿಸುವ ವ್ಯವಹಾರವಿತ್ತು. ನನ್ನ ಆ ಹುಡುಗಿಯ ಅಪ್ಪ ಅವರ ಅಂಗಡಿಯಲ್ಲೇ ಮ್ಯಾನೇಜರ್. ಊರಿನ ಕಡೆಯಿಂದ ದೂರದ ಸಂಬಂಧವೂ ಇತ್ತಂತೆ. ಸಾಹುಕಾರರಿಗೆ ತಮ್ಮ ಮನೆತನದ ಬಗ್ಗೆ ಒಂದು ನಂಬಿಕೆ. ಕರಾವಳಿಗೆ ಇಸ್ಲಾಂ ತಂದ ಮೊಟ್ಟಮೊದಲ ಅರಬ್ ವರ್ತಕರ ಹಡಗಿನಲ್ಲೇ ತಮ್ಮ ಪೂರ್ವಜರು ಬಂದಿಳಿದರು ಎಂದು. ಅದೇ ಹಡಗಿನಲ್ಲಿ ಬಂದವರು ದೋಹಾದಲ್ಲಿ ಇನ್ನೂ ಹಲವರಿದ್ದರು. ಎಲ್ಲರ ಮಾತನ್ನೂ ನಂಬಿದರೆ ಆ ಹಡಗು ಬಂದರು ಬಿಡುವ ಮೊದಲೇ ಭಾರಕ್ಕೆ ಮುಳುಗಬೇಕಿತ್ತು.

ಸಭೆಗೆ ನನ್ನನ್ನೂ ಕರೆದರು. "ಮೇಡಂ, ನೀವು ಪಾಠ ಮಾಡುವುದು ಬೇಡ ಅಂತ ನಾವು ಹೇಳುವುದಿಲ್ಲ," ಎಂದರು ಸಾಹುಕಾರರು. "ಮಾಡಿ. ಆದರೆ ಸ್ವಲ್ಪ ನೋಡಿಕೊಂಡು ಮಾಡಿ. ನಾಳೆ ಯಾರಿಗೂ ಮಂಡೆಬಿಸಿ ಆಗಬಾರದು ನೋಡಿ."

ನೋಡಿಕೊಳ್ಳುವುದು ಅಂದರೆ ಏನು ಎಂಬುದನ್ನು ಅವರೇ ಪದ ಪದವಾಗಿ ತೀರ್ಮಾನಿಸಿದರು. ದಂಡಯಾತ್ರೆ ಎಂಬ ಮಾತು ಬೇಡ, ಆಗಮನ ಎನ್ನಬೇಕು. ಕತ್ತಿ ಬೇಡ. ಮುಸ್ಲಿಮರಲ್ಲದವರು ಕೊಡಬೇಕಿದ್ದ ತಲೆಗಂದಾಯ ಬೇಡ. ಪ್ರವಾದಿಯ ನಂತರ ಯಾರು ಮುಂದಾಳಾಗಬೇಕೆಂದು ಬಂದ ಭಿನ್ನಾಭಿಪ್ರಾಯ ಬೇಡವೇ ಬೇಡ, ಆ ಪುಟಕ್ಕೆ ಕೈಯೇ ಹಚ್ಚಬಾರದು. ಹಾಗಿದ್ದರೆ ವ್ಯಾಪಾರದಿಂದ ಹಬ್ಬಿತು ಎನ್ನಲೇ ಎಂದು ಕೇಳಿದೆ. ಒಬ್ಬ ಚಿನ್ನದ ವ್ಯಾಪಾರಿ, ಗುಜರಾತಿನವರು, ಧರ್ಮದ ವಿಷಯದಲ್ಲಿ ವ್ಯಾಪಾರ ಎಂದರೆ ಕೇಳುವುದಕ್ಕೆ ಒಂಥರಾ ಅನ್ನಿಸುತ್ತದೆ ಎಂದರು. ಎಲ್ಲ ತೆಗೆದ ಮೇಲೆ ಪಾಠದಲ್ಲಿ ಒಂಟೆ, ಮರಳು ಮತ್ತು ಖರ್ಜೂರ ಉಳಿದವು. ಅಷ್ಟನ್ನು ಕಲಿಸಲು ಇತಿಹಾಸದ ಟೀಚರ್ ಯಾಕೆ, ಡ್ರಾಯಿಂಗ್ ಟೀಚರ್ ಸಾಕು ಎಂದು ನನಗನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ನೋಡಿಕೊಂಡು ಮಾಡುತ್ತೇನೆ ಎಂದು ಎದ್ದು ಬಂದೆ. ಪುಸ್ತಕ ನೋಡಿಕೊಂಡು ಎಂದು ಮನಸ್ಸಿನಲ್ಲಿ ಸೇರಿಸಿಕೊಂಡೆ.

ನಮ್ಮ ಹಿಂದೂಗಳೇನೂ ಹಿಂದೆ ಬೀಳಲಿಲ್ಲ. ಗಂಡನ ಕಂಪನಿಯ ಬಾಗಲಕೋಟೆಯ ಗೆಳೆಯರೊಬ್ಬರು ಶುಕ್ರವಾರ ಊಟಕ್ಕೆ ಬಂದವರು, ಅವರ ಮಗನೂ ನನ್ನ ತರಗತಿಯಲ್ಲೇ ಇದ್ದ, ರೊಟ್ಟಿ ಮುರಿಯುತ್ತ ವಿಷಯ ತೆಗೆದರು. "ಅಲ್ರಿ ವೈನಿ, ನಮ್ಮ ಹುಡುಗ್ರಿಗೆ ಇದೆಲ್ಲಾ ಯಾಕ್ರಿ? ಅಷ್ಟೂ ಹೇಳೂದಾದ್ರ ಆ ತಲಿಗಂದಾಯದ್ದು ಚೊಲೋತ್ನಾಗಿ ಹೇಳ್ರಿ, ತಿಳೀಲಿ." ಅವರ ಕಾರಿನ ಹಿಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಮಾಷಾ ಅಲ್ಲಾ' ಎಂಬ ಸ್ಟಿಕ್ಕರಿತ್ತು, ಟ್ರಾಫಿಕ್ ಪೊಲೀಸರು ನಿಲ್ಲಿಸುವುದು ಕಡಿಮೆಯಾಗುತ್ತದೆ ಎಂದು. ರಂಜಾನಿನಲ್ಲಿ ಆಫೀಸಿನ ಕಕ್ಕಸಿನಲ್ಲಿ ಕೂತು ಬಿಸ್ಕೀಟು ತಿನ್ನುತ್ತಿದ್ದರೆಂದು ಗಂಡ ಹೇಳಿದ್ದರು. ಅಂಥವರಿಗೆ ಮನೆಯ ನಾಲ್ಕು ಗೋಡೆಯ ನಡುವೆ, ಉಣ್ಣುತ್ತ ಕೂತಾಗ ಮಾತ್ರ ಧೈರ್ಯ ಬರುತ್ತದೆ.

ಅಂತೂ ಪಾಠ ಮಾಡಿದೆ. ಎ.ಸಿ. ಆರಿಸಿ, ಬೆವರುತ್ತ.

ಮೆಕ್ಕಾ ಎಂಬ ವ್ಯಾಪಾರದ ಊರು, ಸುತ್ತಲಿನ ಕುಲಗಳ ಜಗಳ, ತಂದೆ ತಾಯಿ ಇಲ್ಲದೆ ದೊಡ್ಡಪ್ಪನ ಆಶ್ರಯದಲ್ಲಿ ಬೆಳೆದ ಹುಡುಗ, ವ್ಯಾಪಾರದ ತಂಡಗಳ ಜೊತೆ ಹೋಗಿ ಪ್ರಾಮಾಣಿಕನೆಂದು ಹೆಸರು ಪಡೆದದ್ದು, ನಲವತ್ತರ ಹೊತ್ತಿಗೆ ಬೆಟ್ಟದ ಗುಹೆಯಲ್ಲಿ ಅವರಿಗೆ ಮೊದಲ ದೈವವಾಣಿ ಬಂದದ್ದು. ಮೊದಲು ನಂಬಿದವರಲ್ಲಿ ಹೆಂಡತಿ, ಒಬ್ಬ ಗೆಳೆಯ, ಗುಲಾಮರು, ಬಡವರು ಇದ್ದರು ಎಂದೆ. ಊರಿನ ಸಿರಿವಂತರು ಅವರಿಗೆ ಕೊಟ್ಟ ಹಿಂಸೆ ಹೇಳಿದೆ. ಅದನ್ನು ತಾಳಲಾರದೆ ಕೆಲವರು ಕಡಲು ದಾಟಿ ಅಬಿಸೀನಿಯಾಕ್ಕೆ ಹೋದರು, ಅಲ್ಲಿನ ಕ್ರೈಸ್ತ ರಾಜ ಅವರನ್ನು ಹಿಡಿದುಕೊಡದೆ ಕಾಪಾಡಿದ ಎಂದೆ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬ, ಅವರಿಗೆ ವೀಸಾ ಯಾರು ಕೊಟ್ಟರು ಎಂದು ಕೇಳಿದ. ಆಗ ವೀಸಾ ಇರಲಿಲ್ಲ ಎಂದೆ. ಅದನ್ನು ನಂಬಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗುಹೆ, ದೇವದೂತ, ಎಲ್ಲವನ್ನೂ ಮರುಮಾತಿಲ್ಲದೆ ನಂಬಿದ ಮಕ್ಕಳು, ವೀಸಾ ಇಲ್ಲದೆ ಒಂದು ದೇಶದಿಂದ ಇನ್ನೊಂದಕ್ಕೆ ಜನ ಹೋಗುತ್ತಿದ್ದರು ಎಂಬುದನ್ನು ಮಾತ್ರ ನಂಬಲಾರದೆ ಹೋದರು.

ಆಮೇಲೆ ಮದೀನಾದ ವಲಸೆಗೆ ಬಂದೆ. ಮನೆ ಮಾರು ಬಿಟ್ಟು ಬರಿಗೈಯಲ್ಲಿ ಬಂದ ವಲಸಿಗರನ್ನು ಮದೀನಾದ ಜನ ಒಬ್ಬೊಬ್ಬರು ಒಬ್ಬೊಬ್ಬರನ್ನು ತಮ್ಮನೆಂದು ಕರೆದು ಮನೆಗೆ ಕರೆದುಕೊಂಡು ಹೋದರು, ಇದ್ದುದರಲ್ಲಿ ಪಾಲು ಕೊಟ್ಟರು ಎಂದೆ.

ಆ ಹುಡುಗಿ ಎದ್ದು ನಿಂತಳು. "ಮಿಸ್, ಅಂದ್ರೆ ಅವರು ಸ್ಪಾನ್ಸರಾ?"

ಅಲ್ಲಿ ಹೊರದೇಶದವರು ಇರಬೇಕಾದರೆ ವೀಸಾ ಕೊಡಿಸಿ ಹೊಣೆ ಹೊರುವ ಒಬ್ಬ ಸ್ಪಾನ್ಸರ್ ಬೇಕೇ ಬೇಕು. ತರಗತಿ ನಕ್ಕಿತು. ನಾನೂ ನಕ್ಕೆ. ಒಂದು ರೀತಿಯಲ್ಲಿ ಹೌದು ಎಂದೆ.

"ಪಾಸ್‌ಪೋರ್ಟ್ ಇಟ್ಟುಕೊಂಡಿದ್ರಾ?"

ಈ ಸಲ ಯಾರೂ ನಗಲಿಲ್ಲ. ಇಲ್ಲ ಎಂದೆ. ಅವಳು ಕೂರಲಿಲ್ಲ. ಹಾಗಾದರೆ ಅವರ ಅಮ್ಮ ಸತ್ತರೆ ಊರಿಗೆ ಹೋಗಬಹುದಿತ್ತಲ್ಲ ಎಂದಳು. ಅವಳ ಪಕ್ಕದ ಹುಡುಗಿ ಕೈ ಹಿಡಿದು ಎಳೆದು ಕೂರಿಸಿದಳು.

ಆಮೇಲೆ ಗೊತ್ತಾಯಿತು. ಬೇಸಿಗೆ ರಜೆಯ ಮುಂಚೆ ಅವಳ ಅಪ್ಪನ ತಾಯಿ ಊರಿನಲ್ಲಿ ತೀರಿಕೊಂಡಿದ್ದರು. ಸುದ್ದಿ ಬಂದ ಕೂಡಲೇ ಅಪ್ಪ ಟಿಕೆಟ್ಟಿಗೆ ಹೇಳಿದ್ದರು. ಪಾಸ್‌ಪೋರ್ಟು ಸಾಹುಕಾರರ ಕಬ್ಬಿಣದ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಸಾಹುಕಾರರ ಜೇಬಿನಲ್ಲಿತ್ತು, ಸಾಹುಕಾರರು ಮದುವೆಯೊಂದಕ್ಕೆಂದು ದುಬೈಗೆ ಹೋಗಿದ್ದರು. ಅವರಲ್ಲಿ ಸತ್ತವರನ್ನು ಬೇಗ ಮಣ್ಣು ಮಾಡುತ್ತಾರೆ. ಸಾಹುಕಾರರು ಬರುವ ಹೊತ್ತಿಗೆ ಹೋಗುವುದಕ್ಕೆ ಕಾರಣವೇ ಉಳಿದಿರಲಿಲ್ಲ. ಆ ಮನುಷ್ಯ ಮಾರನೆಯ ದಿನ ಎಂದಿನಂತೆ ಅಂಗಡಿ ತೆರೆದರಂತೆ. ಅವರ ಅಂಗಡಿಯಿಂದಲೇ ನಾನು ವಾರ ವಾರ ಹಾಲು ಮೊಸರು ತರುತ್ತಿದ್ದೆ. ಆ ವಾರವೂ ಮೊಸರು ಹೊಸದು ಬಂದಿದೆ ತಗೊಳ್ಳಿ ಎಂದಿದ್ದರು.

ಪಾಠದ ಸುದ್ದಿ ಹೊರಗೆ ಹೋಯಿತು. ವಿಚಿತ್ರವೆಂದರೆ ಕತ್ತಿಯ ಬಗ್ಗೆ, ಕಂದಾಯದ ಬಗ್ಗೆ, ಸಿರಿಯಾ ಈಜಿಪ್ಟುಗಳನ್ನು ಗೆದ್ದದ್ದರ ಬಗ್ಗೆ ಒಬ್ಬರೂ ತಕರಾರು ಎತ್ತಲಿಲ್ಲ. ಮರುದಿನ ಅದೆಲ್ಲವನ್ನೂ ನಾನು ಪುಸ್ತಕದಲ್ಲಿದ್ದಂತೆಯೇ ಹೇಳಿದ್ದೆ. ಗೆದ್ದದ್ದೂ ಉಂಟು, ವ್ಯಾಪಾರಿಗಳ ಜೊತೆ ಹೋದದ್ದೂ ಉಂಟು, ತಮ್ಮ ಧರ್ಮದಲ್ಲೇ ಉಳಿದವರು ಕಂದಾಯ ಕೊಟ್ಟು ಬದುಕಿದ್ದೂ ಉಂಟು ಎಂದಿದ್ದೆ. ಮುಂದಾಳುತನದ ಭಿನ್ನಾಭಿಪ್ರಾಯ ಹೇಳಿದಾಗ ಮಕ್ಕಳು ಆಕಳಿಸಿದರು. ಇಡೀ ಕಮಿಟಿ ಬೆಚ್ಚಿಬಿದ್ದದ್ದು ಪಾಸ್‌ಪೋರ್ಟಿಗೆ. ಟೀಚರ್ ಪಾಠದಲ್ಲಿ ಸ್ಪಾನ್ಸರರನ್ನು ಎಳೆದು ತಂದಿದ್ದಾರೆ, ಹಾಗೆ ಇಟ್ಟುಕೊಳ್ಳುವುದು ಧರ್ಮಕ್ಕೆ ವಿರುದ್ಧ ಎಂದಿದ್ದಾರೆ ಎಂದು ಮಾತಾಯಿತು. ಮಾತು ಬಾಯಿಂದ ಬಾಯಿಗೆ ಬೆಳೆದು, ನಾನು ಕಾರ್ಮಿಕರನ್ನು ಎತ್ತಿಕಟ್ಟುತ್ತಿದ್ದೇನೆ ಎಂಬಲ್ಲಿಗೆ ಬಂದು ನಿಂತಿತು.

ಗಂಡ ಮನೆಗೆ ಬಂದವರೇ ಶೂ ಬಿಚ್ಚದೆ ಕೂತರು. "ಚಾಲುಕ್ಯರದು ಹೇಳಿಕೊಂತ ಆರಾಮ ಇದ್ದಿ. ನಿನಗ ಯಾಕ ಬೇಕಾಗಿತ್ತು ಇದು?" ಎಂದರು. ಅವರ ಕಂಪನಿಯಲ್ಲಿ ಪಾಸ್‌ಪೋರ್ಟುಗಳ ಕಪಾಟಿನ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿದೆ. ಶೂ ಬಿಚ್ಚಲು ಬಗ್ಗಿ ಬಾಗಲಕೋಟೆಯವರ ಹೆಸರು ಹೇಳಿದರು. ಈ ಒಂದು ವಿಷಯದಲ್ಲಿ ನಮ್ಮವರ ನಡುವೆ ಜಾತಿ ಮತದ ಭೇದ ಎಳ್ಳಷ್ಟೂ ಇರಲಿಲ್ಲ.

ಆ ದೇಶದಲ್ಲಿ ಶಾಲೆ, ಅಂಗಡಿ, ಕಂಪನಿ ಏನೇ ನಡೆಸಬೇಕಾದರೂ ಅಲ್ಲಿನ ಒಬ್ಬ ಪ್ರಜೆಯ ಹೆಸರಿನಲ್ಲಿ ಪರವಾನಗಿ ಇರಬೇಕು. ನಮ್ಮ ಶಾಲೆಗೂ ಸಾಹುಕಾರರ ವ್ಯವಹಾರಕ್ಕೂ ಒಬ್ಬರೇ ಅಂಥವರು, ವಯಸ್ಸಾದ ಅರಬ್ಬರು. ಎಲ್ಲರೂ ಅವರನ್ನು ಅರ್ಬಾಬ್, ಅಂದರೆ ಯಜಮಾನರು, ಎನ್ನುತ್ತಿದ್ದರು. ಬೇರೆಯವರ ಬಾಯಿಂದ ಸುದ್ದಿ ಅವರಿಗೆ ಮುಟ್ಟುವ ಮೊದಲು ನಾವೇ ಹೋಗಿ ಹೇಳುವುದು ಕ್ಷೇಮ ಎಂದು ಸಾಹುಕಾರರೂ ಪ್ರಿನ್ಸಿಪಾಲರೂ ನಿರ್ಧರಿಸಿದರು. ನಾನು ಬಂದು ಕ್ಷಮೆ ಕೇಳಬೇಕು. ಜೊತೆಗೆ ಗಂಡನನ್ನೂ ಕರೆದುಕೊಂಡು ಬರಬೇಕು, ಒಬ್ಬಳೇ ಹೆಂಗಸು ಹೋದರೆ ಸರಿಯಲ್ಲ. ನಾಲ್ವರೂ ಸಾಹುಕಾರರ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಪ್ರಿನ್ಸಿಪಾಲರು ತುಟಿ ಆಡಿಸುತ್ತಿದ್ದರು. ಪ್ರಾರ್ಥನೆ ಇರಬೇಕು.

ಅರ್ಬಾಬರ ಕಚೇರಿಯಲ್ಲಿ ಗೋಡೆಗೆ ತಾಗಿ ಸುತ್ತ ಸೋಫಾಗಳಿದ್ದವು. ಅವರು ಒಂದು ತುದಿಯಲ್ಲಿ ಜಪಮಣಿ ಹಿಡಿದು ಕೂತಿದ್ದರು. ಸಣ್ಣ ಬಟ್ಟಲುಗಳಲ್ಲಿ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಖಾವಾ, ಬಂತು. ನಾನು ಇಂಗ್ಲಿಷಿನಲ್ಲಿ ನಡೆದದ್ದನ್ನು ಹೇಳಬೇಕು, ಸಾಹುಕಾರರು ಅರಬ್ಬಿಗೆ ತಿರುಗಿಸಬೇಕು ಎಂದಾಯಿತು. ಮದೀನಾದ ಜನ ವಲಸಿಗರನ್ನು ಮನೆಗೆ ಕರೆದುಕೊಂಡರು ಎಂಬ ನನ್ನ ಒಂದು ಸಾಲು ಅವರ ಬಾಯಿಯಲ್ಲಿ ಭಾಷಣವಾಯಿತು. ಅದರಲ್ಲಿ ಮದೀನಾ ಒಮ್ಮೆಯೂ ಕೇಳಿಸಲಿಲ್ಲ, ಕತಾರ್ ಮತ್ತು ಶುಕ್ರಾನ್, ಅಂದರೆ ಧನ್ಯವಾದ, ಮಾತ್ರ ಪದೇ ಪದೇ ಕೇಳಿಸಿದವು.

ಅರ್ಬಾಬರು ಕೈ ಎತ್ತಿ ಖಲಾಸ್ ಎಂದರು. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಮಾತಾಡಿದರು. ಮುತ್ತಿನ ವ್ಯಾಪಾರದ ಕಾಲದಲ್ಲಿ ಅಪ್ಪನ ಜೊತೆ ಮುಂಬೈಯಲ್ಲಿ ಬೆಳೆದವರಂತೆ, ನನಗಿಂತ ಚೆನ್ನಾದ ಹಿಂದಿ. ಮಗು ಏನು ಕೇಳಿತು, ಅದನ್ನು ನೇರವಾಗಿ ಹೇಳು ಎಂದರು.

ಮದೀನಾದವರು ಪಾಸ್‌ಪೋರ್ಟ್ ಇಟ್ಟುಕೊಂಡರೇ ಎಂದು ಕೇಳಿತು ಎಂದೆ.

ನೀನು ಏನೆಂದೆ ಎಂದರು. ಇಲ್ಲ ಎಂದೆ ಎಂದೆ.

ಮಣಿ ಎಣಿಸುವುದು ನಿಂತಿತು. ಸರಿಯಾಗೇ ಹೇಳಿದ್ದೀಯ, ಅವರು ಇಟ್ಟುಕೊಳ್ಳಲಿಲ್ಲ ಎಂದರು ಅರ್ಬಾಬರು. ಮತ್ತೆ ಮಣಿ ಎಣಿಸತೊಡಗಿ, "ಅವರು ಬೇರೆ ಜನ. ನಾವು ಬೇರೆ ಜನ," ಎಂದರು.

ಆ ಮಾತಿನಲ್ಲಿ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇವತ್ತು ಗಾಳಿ ಜಾಸ್ತಿ ಎನ್ನುವ ಹಾಗೆ ಹೇಳಿದರು. ಅವರ ಬಗ್ಗೆ ನನಗೆ ಗೌರವ ಬರಬೇಕೋ ರೋಷ ಬರಬೇಕೋ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಅಷ್ಟು ತಿಳಿದೂ ಅಷ್ಟು ನಿರಾಳವಾಗಿ ಕೂತಿರಲು ಮನುಷ್ಯನಿಗೆ ಹೇಗೆ ಸಾಧ್ಯ ಎಂದು ಮಾತ್ರ ಅನ್ನಿಸಿತು. ಅವರು ಖಾವಾ ಕುಡಿದು ಮುಗಿಸಿ, ಸಾಹುಕಾರರ ಕಡೆ ಗದ್ದ ತೋರಿಸಿ, ನನ್ನ ಹತ್ತಿರ ಯಾರ ಪಾಸ್‌ಪೋರ್ಟೂ ಇಲ್ಲ, ಎಲ್ಲ ಇವನ ಕಪಾಟಿನಲ್ಲೇ ಇವೆ, ನಾನು ಕೇಳಿಯೂ ಇಲ್ಲ, ನೋಡಿಯೂ ಇಲ್ಲ ಎಂದರು.

ಸಾಹುಕಾರರು ನಕ್ಕರು. ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. ಸೇಫ್ಟಿಗೆ ಅರ್ಬಾಬ್, ಸೇಫ್ಟಿಗೆ ಎಂದರು. ಯಾವ ಮಗು ಅದನ್ನು ಕೇಳಿದ್ದು ಎಂದು ಅರ್ಬಾಬರು ಕೇಳಲಿಲ್ಲ. ಯಲ್ಲಾ, ಹೊರಡೋಣ ಎಂದು ಎದ್ದು ನಮಾಜಿಗೆ ಹೊರಟರು. ನಾನು ಕ್ಷಮೆ ಕೇಳುವುದು ಹಾಗೇ ಉಳಿದುಹೋಯಿತು. ಅದನ್ನು ಇಂಗ್ಲಿಷಿನಲ್ಲಿ ಬರೆದು ಪ್ರಿನ್ಸಿಪಾಲರು ಜೇಬಿನಲ್ಲಿ ತಂದಿದ್ದರು.

ಮರಳಿ ಬರುವಾಗ ಸಾಹುಕಾರರೇ ಮಾತು ತೆಗೆದರು. ಕೆಲಸದವರು ಪಾಸ್‌ಪೋರ್ಟು ಕಳೆದುಹಾಕುತ್ತಾರೆ, ಒತ್ತೆ ಇಡುತ್ತಾರೆ, ಒಂದೆರಡು ಜನ ಓಡಿಯೂ ಹೋಗಿದ್ದಾರೆ, ನಾವು ಇಟ್ಟುಕೊಳ್ಳುವುದು ಅವರ ಒಳ್ಳೆಯದಕ್ಕೇ ಎಂದು ವಿವರಿಸಿದರು. ನಿಮ್ಮದು ಎಲ್ಲಿದೆ ಎಂದು ಕೇಳಿದೆ.

"ನನ್ನದಾ? ನನ್ನದು ನನ್ನ ಹತ್ತಿರವೇ ಉಂಟು," ಎಂದರು, ಕೇಳಿದ್ದೇ ತಪ್ಪು ಎಂಬಂತೆ.

ಗಂಡ ಮುಂದಿನ ಸೀಟಿನಿಂದ ತಿರುಗಿ ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಕೇಳಿದ ಮಗು ಯಾರದೆಂದು ನಾನು ಹೇಳಲಿಲ್ಲ. ಆದರೆ ಸಾಹುಕಾರರ ಅಣ್ಣನ ಮಗನೂ ಅದೇ ತರಗತಿಯಲ್ಲಿದ್ದ, ಹಾಗಾಗಿ ನಾನು ಮುಚ್ಚಿಟ್ಟು ಏನೂ ಪ್ರಯೋಜನವಿರಲಿಲ್ಲ. ಆ ಮ್ಯಾನೇಜರರ ಕೆಲಸ ಹೋಯಿತು ಎಂದೇ ನಾನು ಹೆದರಿಕೊಂಡಿದ್ದೆ. ಅಂಗಡಿಗೆ ಹೋದಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಅವರೇ ಒಂದು ದಿನ ಮೊಸರಿನ ಡಬ್ಬಿ ಕೊಡುತ್ತ, ಮಗಳು ಮನೆಯಲ್ಲಿ ಪಾಠ ಎಲ್ಲ ಹೇಳಿದಳು ಎಂದರು. "ಅವಳಿಗೆ ಅಜ್ಜಿ ಅಂದ್ರೆ ಜೀವ ಮೇಡಂ. ನಾನು ಅವಳ ಎದುರು ಏನೂ ಹೇಳಿರಲಿಲ್ಲ. ಹೇಗೆ ಗೊತ್ತಾಯ್ತೋ." ಅಷ್ಟು ಹೇಳಿ ಗಿರಾಕಿಯ ಕಡೆ ತಿರುಗಿದರು.

ಸಾಹುಕಾರರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಅದಕ್ಕಿಂತ ದೊಡ್ಡ ಯೋಚನೆ ಅವರಿಗಿತ್ತು. ರಂಜಾನ್ ಬಂತು. ಕರಾವಳಿಯವರ ಸಂಘದವರು ಒಂದು ಹೋಟೆಲಿನಲ್ಲಿ ಇಫ್ತಾರ್ ಇಟ್ಟುಕೊಂಡರು. ನಮಗೂ ಆಮಂತ್ರಣವಿತ್ತು, ಹೋಗಲೇಬೇಕೆಂದು ಪ್ರಿನ್ಸಿಪಾಲರು ಹೇಳಿ ಕಳಿಸಿದ್ದರು. ಖರ್ಜೂರ ತಿಂದು, ಗಂಜಿ ಕುಡಿದು, ನಮಾಜು ಮುಗಿದ ಮೇಲೆ ಸಾಹುಕಾರರು ಮೈಕು ಹಿಡಿದರು. ಮದೀನಾದ ಸೋದರತ್ವದ ಬಗ್ಗೆ ಮಾತಾಡಿದರು. ಬರಿಗೈಯಲ್ಲಿ ಬಂದವರನ್ನು ತಮ್ಮನೆಂದು ಕರೆದದ್ದು, ಇದ್ದುದರಲ್ಲಿ ಪಾಲು ಕೊಟ್ಟದ್ದು. ನನ್ನ ಪಾಠವೇ. ನಾನು ತರಗತಿಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದರೆಂದು ಒಪ್ಪಿಕೊಳ್ಳಬೇಕು, ಆ ಹೋಟೆಲಿನ ಎ.ಸಿ. ಸದ್ದು ಮಾಡುತ್ತಿರಲಿಲ್ಲ. ತಮ್ಮ ಪೂರ್ವಜರು ಬಂದ ಹಡಗೂ ನಡುವೆ ಒಮ್ಮೆ ಹಾದುಹೋಯಿತು. ಕೊನೆಗೆ ಮ್ಯಾನೇಜರರನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯ ಮೇಲೆ ಮಿರುಗುವ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದರೆ ಆ ಮನುಷ್ಯನದೇ ಪಾಸ್‌ಪೋರ್ಟು.

ಜನ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ಸಾಹುಕಾರರು ಪಾಸ್‌ಪೋರ್ಟಿನ ಒಂದು ಅಂಚು, ಮ್ಯಾನೇಜರರು ಇನ್ನೊಂದು ಅಂಚು ಹಿಡಿದುಕೊಂಡು ಕ್ಯಾಮೆರಾ ನೋಡಿದರು. ಫೋಟೋ ಆದ ಮೇಲೂ ಸಾಹುಕಾರರ ಕೈ ಸ್ವಲ್ಪ ಹೊತ್ತು ಬಿಡಲಿಲ್ಲ. ಹೆಂಗಸರ ಸಾಲಿನಲ್ಲಿ ತಾಯಿಯ ಪಕ್ಕ ಕೂತಿದ್ದ ನನ್ನ ಹುಡುಗಿ ಚಪ್ಪಾಳೆ ತಟ್ಟುತ್ತಿರಲಿಲ್ಲ, ತಟ್ಟೆಯಲ್ಲಿ ಉಳಿದ ಸಮೋಸಾದ ತುದಿಯನ್ನು ಪುಡಿ ಮಾಡುತ್ತಿದ್ದಳು. ನಾನು ಅವಳ ಹತ್ತಿರ ಹೋಗಿ ಕೂತೆ. ಅವಳೇ, ಅದು ಅಪ್ಪಂದೇ ಅಲ್ವಾ ಮಿಸ್, ಗಿಫ್ಟ್ ಹೇಗಾಗುತ್ತೆ ಎಂದಳು.

ಬಾಗಲಕೋಟೆಯವರೂ ಬಂದಿದ್ದರು, ಮೂರು ಸಲ ಬಿರಿಯಾನಿ ಹಾಕಿಸಿಕೊಂಡರು. ಎಂಥಾ ದೊಡ್ಡ ಮನಸ್ಸು ಎಂದು ನನ್ನ ಗಂಡನ ಕಿವಿಯಲ್ಲಿ ಹೇಳಿದರು. ಹಾಗಾದರೆ ನೀವೂ ನಿಮ್ಮ ಕಪಾಟು ತೆಗೆಯಿರಿ ಎಂದು ಗಂಡ ಹೇಳಿದರಂತೆ. ಕಂಪನಿ ರೂಲ್ಸ್ ಅದು, ನನ್ನ ಕೈಯಾಗೇನೈತಿ ಎಂದರಂತೆ, ಕೀಲಿ ಜೇಬಿನಲ್ಲೇ ಇದ್ದಾಗ.

ಹಬ್ಬ ಕಳೆದ ಮೇಲೆ ಆ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆ ಬೇಕು ಎಂದು ಆಫೀಸಿನಿಂದ ಹೇಳಿ ಕಳಿಸಿದರು. ಮ್ಯಾನೇಜರರು ಕೊಟ್ಟರು. ನವೀಕರಣವಾಯಿತು. ಪಾಸ್‌ಪೋರ್ಟು ಕಪಾಟಿನಲ್ಲೇ ಉಳಿಯಿತು. ಶಾಲು ಮಾತ್ರ ಅವರ ಹತ್ತಿರ ಇದೆ ಎಂದು ಅವರ ಹೆಂಡತಿ ನನಗೆ ಹೇಳಿದರು. ಚಳಿಗಾಲದಲ್ಲಿ ಹೊದೆಯಲು ಒಳ್ಳೆಯದಿದೆಯಂತೆ. ಅವರು ಇದನ್ನು ಹೇಳಿ ನಕ್ಕ ರೀತಿಯನ್ನು ನಾನು ಬರೆದು ತೋರಿಸಲಾರೆ.

ಎರಡು ವರ್ಷಗಳ ನಂತರ ಆ ಕುಟುಂಬ ಒಳ್ಳೆಯ ಸಂಬಳಕ್ಕೆ ಬೇರೆ ಕಂಪನಿ ಸೇರಿ ದೋಹಾದ ಉತ್ತರಕ್ಕಿರುವ ಅಲ್ ಖೋರ್ ಎಂಬ ಊರಿಗೆ ಹೋಯಿತು. ಅಲ್ಲಿ ಪಾಸ್‌ಪೋರ್ಟು ಯಾರ ಹತ್ತಿರ ಇತ್ತೋ ನಾನು ಕೇಳಲಿಲ್ಲ. ಹುಡುಗಿ ಹನ್ನೊಂದನೇ ತರಗತಿಯಲ್ಲಿ ಇತಿಹಾಸ ತೆಗೆದುಕೊಂಡಳು, ಅಮ್ಮನಿಗೆ ಅದು ಇಷ್ಟವಿರಲಿಲ್ಲ, ನನ್ನನ್ನು ದೂರಿದರು.

ನನ್ನ ವಿಷಯಕ್ಕೆ ಬಂದರೆ, ಮುಂದಿನ ವರ್ಷದ ಟೈಂಟೇಬಲ್ ಬಂದಾಗ ನನಗೆ ಒಂಬತ್ತನೇ ತರಗತಿ ಇರಲಿಲ್ಲ. ಆರನೇ ತರಗತಿ ಕೊಟ್ಟಿದ್ದರು, ಸಿಂಧೂ ನಾಗರಿಕತೆ. ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, ಬಹಳ ಚೆನ್ನಾದ ವಿಷಯ ಟೀಚರ್, ಆ ಕಾಲದ ಜನ ಬರೆದದ್ದನ್ನು ಓದಲು ಇನ್ನೂ ಯಾರಿಗೂ ಬಂದಿಲ್ಲವಂತಲ್ಲ ಎಂದರು. ಅವರು ಅಷ್ಟು ನೆಮ್ಮದಿಯಿಂದ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ನಾಲ್ಕು ವರ್ಷ ಹರಪ್ಪದ ಚರಂಡಿಗಳನ್ನು ಕಲಿಸಿದೆ, ಯಾರಿಂದಲೂ ಒಂದು ದೂರೂ ಬರಲಿಲ್ಲ.